ಜಿಪಿಎ ಮಾಡಿಸಿದರೂ ಕಾಡು ನಿಮ್ಮದಾಗದು

ಮಳೆಗಾಲ ಮುಗಿಯುತ್ತಿದ್ದಂತೆ ಗಾಂಧಿನಗರದ ನನ್ನ ಆಫೀಸಿಗೆ ಒಂದೇ ಥರದ ಕಕ್ಷಿದಾರರು ಬರತೊಡಗುತ್ತಾರೆ. ಬಿಳಿಗಿರಿರಂಗನ ಬೆಟ್ಟ ನೋಡಿ ಬಂದವರು. ಮೊಬೈಲಿನಲ್ಲಿ ಒಂದು ಹಕ್ಕುಪತ್ರದ ಫೋಟೋ. ‘ಸಾರ್, ಎರಡೇ ಎಕರೆ. ಅಲ್ಲಿನ ಸೋಲಿಗ ಬುಡಕಟ್ಟಿನ ಮನೆಯವರು ಕೊಡ್ತೀವಿ ಅಂದಿದ್ದಾರೆ. ಜಿಪಿಎ, ಅದೇ ಅವರ ಪರವಾಗಿ ವ್ಯವಹಾರ ಮಾಡೋ ಅಧಿಕಾರಪತ್ರ, ಮಾಡಿಸಿಕೊಂಡ್ರೆ ಆಗುತ್ತಲ್ವಾ?’

ಆಗುವುದಿಲ್ಲ. ಕ್ರಯಪತ್ರ ಆಗುವುದಿಲ್ಲ, ದಾನಪತ್ರ ಆಗುವುದಿಲ್ಲ, ಅಗ್ರಿಮೆಂಟ್ ಮಾಡಿಕೊಂಡು ಕಾದು ಕೂತರೂ ಆಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಬಂದ ಹಕ್ಕು ಮಕ್ಕಳಿಗೆ ಹೋಗುತ್ತದೆ, ಮಕ್ಕಳಿಲ್ಲದಿದ್ದರೆ ಹತ್ತಿರದ ಸಂಬಂಧಿಕರಿಗೆ. ಹೊರಗಿನವರಿಗಂತೂ ಇಲ್ಲ. ಮದುವೆಯಾದವರಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರೂ ಪತ್ರದಲ್ಲಿರಬೇಕು. ಹಾಗಿದ್ದರೂ ಇಬ್ಬರೂ ಸೇರಿ ಸಹಿ ಹಾಕಿ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ಕೊಡುವ ಅಧಿಕಾರವೇ ಅವರಿಗಿಲ್ಲ. ಅವರಿಗೇ ಇಲ್ಲದ ಅಧಿಕಾರವನ್ನು ಜಿಪಿಎ ಬರೆದು ನಿಮಗೆ ಹೇಗೆ ಕೊಡುತ್ತಾರೆ?

‘ಸರ್ಕಾರ ಪುಕ್ಕಟೆ ಕೊಟ್ಟ ಜಮೀನು, ಅದಕ್ಕೇ ಕಂಡೀಷನ್ನು’ ಅನ್ನುವವರಿದ್ದಾರೆ. ಸಿಟ್ಟು ಬರುವುದು ಅಲ್ಲಿ. ಸರ್ಕಾರ ಏನೂ ಕೊಟ್ಟಿಲ್ಲ, ಇದ್ದದ್ದನ್ನು ಒಪ್ಪಿಕೊಂಡಿದೆ ಅಷ್ಟೆ. ಕೊಳ್ಳೇಗಾಲ ಕಡೆಯ ಕಾಡು 1956ರವರೆಗೆ ಮದ್ರಾಸಿಗೆ ಸೇರಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದಮೇಲೆ ಬ್ರಿಟಿಷರು ಗೆರೆ ಎಳೆದು, ಒಳಗಿನದೆಲ್ಲ ರಿಸರ್ವ್ ಫಾರೆಸ್ಟ್ ಅಂದರು. ಗೆರೆ ಎಳೆಯುವ ಮುಂಚೆಯೇ ಅಲ್ಲಿದ್ದವರು ರಾತ್ರೋರಾತ್ರಿ ಒತ್ತುವರಿದಾರರಾದರು. ಬ್ರಿಟಿಷರು ಹೋದರೂ ಗೆರೆ ಹೋಗಲಿಲ್ಲ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಜಾಗ ಬಿಟ್ಟು ಕದಲಬೇಕಾಯಿತು. ಬೇಸಿಗೆಗೆ ಮುಂಚೆ ಸೋಲಿಗರು ನೆಲದ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿ ನಿಂತಿತು. ಬೆಂಕಿ ನಿಂತಮೇಲೇ ಲಂಟಾನ ಕಾಡು ನುಂಗಿತು ಎನ್ನುತ್ತಾರೆ ಸೋಲಿಗ ಹಿರಿಯರು. ಲಂಟಾನವೂ ಬ್ರಿಟಿಷರು ಅಂದಕ್ಕೆಂದು ತಂದ ಹೂಗಿಡವೇ, ನೋಡಿ.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ‘ಐತಿಹಾಸಿಕ ಅನ್ಯಾಯ’ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕೂ ಸಿಕ್ಕಿತು, ಅದೂ ಹುಲಿ ಮೀಸಲು ಪ್ರದೇಶದ ಒಳಗೆ.

ಒಮ್ಮೆ ಒಂದು ಪೋಡಿನಲ್ಲಿ ಹಕ್ಕಿನ ಅರ್ಜಿಗೆ ಸ್ಥಳ ಪರಿಶೀಲನೆ ನಡೆಯುತ್ತಿತ್ತು. ಜಿಪಿಎಸ್ ಹಿಡಿದ ಸರ್ವೇಯರ್ ‘ಅಜ್ಜಾ, ನಿನ್ನ ಜಮೀನಿನ ಹದ್ದು ಎಲ್ಲಿ?’ ಅಂತ ಕೇಳಿದ. ಅಜ್ಜ ಮಾತಾಡಲಿಲ್ಲ. ಮಚ್ಚು ತಗೊಂಡು ಹೊರಟ, ನಾವು ಹಿಂದೆ. ಲಂಟಾನದ ಮೆಳೆ ಸವರಿ ಬಗ್ಗಿದ. ಒಂದು ಬೀಸುಕಲ್ಲು, ಅರ್ಧ ಮಣ್ಣಲ್ಲಿ ಹೂತಿತ್ತು. ಗೂಟದ ತೂತಿನಲ್ಲಿ ಇರುವೆ ಗೂಡು. ‘ನಮ್ಮವ್ವ ಇಲ್ಲೇ ರಾಗಿ ಬೀಸೋಳು’ ಅಂದ. ಸರ್ವೇಯರ್ ನನ್ನ ಮುಖ ನೋಡಿದ. ಬರ್ಕೊಳ್ಳಿ ಸ್ವಾಮಿ, ಅಂದೆ. ಹಳೇ ಮನೆಯ ಗುರುತು, ಬಾವಿ, ಸಮಾಧಿ, ದೇವರ ಜಾಗ, ಹಿರಿಯರ ಹೇಳಿಕೆ ಎಲ್ಲವೂ ನಿಯಮದ ಪ್ರಕಾರ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು, ಅಷ್ಟೆ.

ಹೋದ ವಾರ ಬಂದವರು ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯ, ಗಿಡ ನೆಡುವ ಆಸೆ. ಫೋಟೋ ದೊಡ್ಡದು ಮಾಡಿ ಓದಿ ಸಾರ್, ಅಂದೆ. ಓದಿದರು. ವರ್ಗಾಯಿಸುವಂತಿಲ್ಲ ಎಂದು ಆ ಪತ್ರದಲ್ಲೇ ಅಚ್ಚಾಗಿತ್ತು.

‘ಇದು ಎಲ್ಲಾ ಪತ್ರದಲ್ಲೂ ಸುಮ್ನೆ ಹಾಕಿರ್ತಾರಲ್ವಾ?’ ಅಂದರು. ಸ್ವಲ್ಪ ತಡೆದು, ‘ಲೀಸ್ ಆದ್ರೆ?’

ಕಡತ ನೋಡದೆ ಕಡ್ಡಿ ಮುರಿದಂತೆ ಹೇಳಲಾರೆ. ಆದರೆ ನನ್ನ ಮೇಜಿಗೆ ಬಂದ ಇಂಥ ಲೀಸುಗಳೆಲ್ಲ ಮುಸುಕು ಹಾಕಿದ ಮಾರಾಟವೇ. ಅಂಥದ್ದನ್ನು ನಾನು ಬರೆದುಕೊಡುವುದಿಲ್ಲ.