ಕೊಳೆ, ಕೊಲೆ ಮತ್ತು ರೋಬಾಟ್

ನಮ್ಮಜ್ಜಿಗೆ ಳಕಾರ ಬಾಯಿಗೆ ಬರುವುದಿಲ್ಲ. ದಿನಾ ಬೆಳಿಗ್ಗೆ ಬಟ್ಟೆಯ 'ಕೊಲೆ' ತೆಗೆಯುತ್ತಾರೆ. ನಾವ್ಯಾರೂ ಪೊಲೀಸರನ್ನು ಕರೆದಿಲ್ಲ. ಕೈಯಲ್ಲಿ ಸೋಪು ಕಾಣುತ್ತದಲ್ಲ! ಬರೀ ಕಿವಿಯನ್ನೇ ನಂಬಿದ ರೋಬಾಟಿಗೆ ಆ ಸೋಪು ಕಾಣುವುದಿಲ್ಲ.

ರೋಬಾಟ್ ತಪ್ಪು ಕೇಳಿಸಿಕೊಳ್ಳದೆ ಇರಲೆಂದೇ ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2010ರ ಸುಮಾರಿಗೆ ಒಂದು ಭಾಷೆಯನ್ನೇ ಕಟ್ಟಿದರು. ಹೆಸರು ರೊಯ್ಲಾ. 'ಪಿಟೊ ಫೊಸಿಟ್ ಬುಬಾಸ್' ಎಂದರೆ 'ನಾನು ಮನೆಗೆ ನಡೆಯುತ್ತೇನೆ'. 'ನಡೆದೆ' ಎನ್ನಬೇಕೇ? ಫೊಸಿಟ್ ಆದಮೇಲೆ 'ಜಿಫಿ' ಸೇರಿಸಿದರಾಯಿತು. ಲಿಂಗ ನೋಡಿ ಕ್ರಿಯಾಪದ ಬದಲಿಸುವ ಗೊಡವೆ ಇಲ್ಲ, ಅಪವಾದಗಳ ಕಾಟ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಪದಗಳನ್ನು ಆರಿಸಿದ ರೀತಿ. ಕಂಪ್ಯೂಟರ್ ಸುಮ್ನೆ ಒಂದಷ್ಟು ಪದ ಹುಟ್ಟಿಸುತ್ತದೆ. ಯಾವ ಪದವನ್ನು ಯಂತ್ರದ ಕಿವಿ ಇನ್ನೊಂದೆಂದು ತಪ್ಪು ತಿಳಿಯುತ್ತದೆ ಎಂದು ಲೆಕ್ಕ ಹಾಕುತ್ತದೆ. ಗೊಂದಲ ಕಡಿಮೆ ಇರುವ ಪದಗಳನ್ನು ಉಳಿಸಿಕೊಂಡು, ಬೆರೆಸಿ, ಮತ್ತೆ ಹೊಸ ಪೀಳಿಗೆ ತೆಗೆಯುತ್ತದೆ. ರೈತ ಒಳ್ಳೆ ತೆನೆ ನೋಡಿ ಬಿತ್ತನೆಗೆ ಎತ್ತಿಡುವ ಹಾಗೆ. ಅಥವಾ ತೆಂಗಿನ ಸಸಿಗಳನ್ನು ಅಂತರ ಬಿಟ್ಟು ನೆಡುವ ಹಾಗೆ. ಒತ್ತಾಗಿ ನೆಟ್ಟರೆ ಗರಿಗೆ ಗರಿ ಸಿಕ್ಕಿಕೊಳ್ಳುತ್ತದೆ. ಪದಗಳೂ ಅಷ್ಟೆ. ಕೊಳೆ, ಕೊಲೆ ಒಂದೇ ಗುಣಿಯಲ್ಲಿ ನೆಟ್ಟ ಸಸಿಗಳು. ವಿಮಾನದವರು ರೇಡಿಯೊದಲ್ಲಿ ನೈನ್ ಎನ್ನದೆ 'ನೈನರ್' ಎನ್ನುವುದೂ ಈ ಅಂತರಕ್ಕಾಗಿಯೇ, ಫೈವ್ ಎಂದು ಕೇಳಿಸಬಾರದು ಅಂತ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ 'ಸಂಸ್ಕೃತ ಇಲ್ವಾ? ಕಂಪ್ಯೂಟರಿಗೆ ಅದೇ ತಕ್ಕ ಭಾಷೆ ಅಂತ ನಾಸಾನೇ ಹೇಳಿದೆಯಲ್ಲ!' ಎಂದು ವಾಟ್ಸಾಪ್ ತೋರಿಸುತ್ತಾರೆ. ಅಸಲು ಸಂಗತಿ ಇಷ್ಟೇ. 1985ರಲ್ಲಿ ನಾಸಾದ ಒಂದು ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ಸಂಶೋಧಕ ಒಂದು ಲೇಖನ ಬರೆದರು. ನಮ್ಮ ಹಳೆಯ ವೈಯಾಕರಣರು ವಾಕ್ಯದ ಅರ್ಥ ಬಿಡಿಸುವ ಕ್ರಮಕ್ಕೂ ಕಂಪ್ಯೂಟರಿನಲ್ಲಿ ಅರ್ಥವನ್ನು ಹಿಡಿದಿಡುವ ಕ್ರಮಕ್ಕೂ ಹೋಲಿಕೆ ಇದೆ ಎಂದರು. ಒಳ್ಳೆಯ ಮಾತೇ. ಆದರೆ ಅದು ಒಬ್ಬರ ಲೇಖನ, ನಾಸಾದ ತೀರ್ಪಲ್ಲ. ಪಾಣಿನಿಯ ದೊಡ್ಡತನಕ್ಕೆ ಈ ಫಾರ್ವರ್ಡ್ ಬೇಕೂ ಇಲ್ಲ.

ಎಲ್ಲರೂ ಬಳಸುವ ಸಾಮಾನ್ಯ ಭಾಷೆ ಅಂದರೆ ಎಲ್ಲಕ್ಕಿಂತ ಶ್ರೀಮಂತ ಭಾಷೆಯೇ ಆಗಬೇಕು ಎಂಬ ಭ್ರಮೆ ಇದರ ಹಿಂದಿದೆ. ಇಂಡೊನೇಷ್ಯಾ ನೋಡಿ. ಅಲ್ಲಿ 700ಕ್ಕೂ ಹೆಚ್ಚು ಭಾಷೆಗಳಿವೆ. ಅತಿ ಹೆಚ್ಚು ಜನರ ನುಡಿ ಜಾವಾ, ಅದರ ಸಾಹಿತ್ಯವೂ ಹಳೆಯದು. ಆದರೂ 1928ರ ಅಕ್ಟೋಬರ್ 28ರಂದು ಯುವಕರು ಪ್ರತಿಜ್ಞೆ ಮಾಡಿ ಎತ್ತಿಹಿಡಿದದ್ದು ಮಲಯ್ ಮೂಲದ ಇಂಡೊನೇಷಿಯನ್ ಭಾಷೆಯನ್ನು. ಮಲಯ್ ತಾಯ್ನುಡಿಯಾಗಿದ್ದವರು ಸ್ವಲ್ಪವೇ ಜನ. ಬಂದರುಗಳ ವ್ಯಾಪಾರದಲ್ಲಿ ಅರೆಬರೆ ಕಲಿತವರು ಮಾತ್ರ ಬಹಳ. 1945ರ ಸಂವಿಧಾನವೂ ಅದನ್ನೇ ಒಪ್ಪಿತು. ದೊಡ್ಡ ಗುಂಪಿನವರೂ ಕಲಿತೇ ಮಾತಾಡಬೇಕಾಯಿತು.

ಇನ್ನೊಂದು ಲಾಭವೂ ಇತ್ತು. ಜಾವಾ ಭಾಷೆಯಲ್ಲಿ ಎದುರಿಗಿರುವವರ ಅಂತಸ್ತು ತಿಳಿಯದೆ ಬಾಯಿ ಬಿಡುವುದು ಕಷ್ಟ. ತಮ್ಮ ಉಂಡರೆ 'ಮಂಗಾನ್', ಹಿರಿಯರು ಉಂಡರೆ 'ಧಹಾರ್'. ಇಂಡೊನೇಷಿಯನ್‌ನಲ್ಲಿ ತಮ್ಮನೂ 'ಮಕಾನ್', ಮಾವನೂ 'ಮಕಾನ್'.