ಒಸಡಿನ ಕಾಯಿಲೆಗೆ ಲೇಸರ್ ಬೆಳಕು: ನೆರವು ಎಷ್ಟು, ನಿರೀಕ್ಷೆ ಎಷ್ಟು?

ಬಳ್ಳಾರಿ, ರಾಯಚೂರಿನಂಥ ಊರುಗಳಲ್ಲಿ ಹಲ್ಲಿನ ದವಾಖಾನೆಯ ಫಲಕದ ಮೇಲೆ ‘ಲೇಸರ್’ ಎಂದು ಕಂಡರೆ ಅದು ಯಾವ ಲೇಸರ್ ಎಂದು ಕೇಳುವವರು ಕಡಿಮೆ. ಒಸಡನ್ನು ಕತ್ತರಿಸುವ, ಸುಡುವ ಲೇಸರ್ ಒಂದು. ಚರ್ಮಕ್ಕೆ ಬಿಸಿಯೂ ತಾಗದಷ್ಟು ಕಡಿಮೆ ಶಕ್ತಿಯ ಲೇಸರ್ ಇನ್ನೊಂದು. ಇಲ್ಲಿ ಹೇಳಹೊರಟಿರುವುದು ಎರಡನೆಯದರ ಬಗ್ಗೆ.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಉರಿಸಿದರು. ಲೇಸರ್‌ನಿಂದ ಕ್ಯಾನ್ಸರ್ ಬರಬಹುದೇ ಎಂದು ತಿಳಿಯಲು ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ಅದನ್ನು ಹಾಯಿಸಿದಾಗ, ಕ್ಯಾನ್ಸರ್ ಬರುವ ಬದಲು ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಹುಟ್ಟಿತು. ಆಮೇಲೆ ಮಾಯದ ಗಾಯಗಳಿಗೂ ಅದನ್ನು ಬಳಸಿ ನೋಡಲಾಯಿತು. ಪುಟ್ಟ ಅರೆವಾಹಕ ಚಿಪ್ಪಿನಿಂದ ಬೆಳಕು ಕೊಡುವ ಡಯೋಡ್ ಲೇಸರ್‌ಗಳು ಚಿಕ್ಕವೂ ಅಗ್ಗವೂ ಆಗುತ್ತ ಬಂದಂತೆ ಈ ವಿದ್ಯೆ ಹಲ್ಲಿನ ವೈದ್ಯರ ಕುರ್ಚಿಯ ಪಕ್ಕಕ್ಕೂ ಬಂತು.

ಸುಮಾರು 600ರಿಂದ 1,000 ನ್ಯಾನೊಮೀಟರ್ ತರಂಗಾಂತರದ ಕೆಂಪು ಅಥವಾ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಭಾಗವಾದ ಮೈಟೊಕಾಂಡ್ರಿಯಾದಲ್ಲಿರುವ ಒಂದು ಕಿಣ್ವ ಹೀರಿಕೊಳ್ಳುತ್ತದೆಂದೂ, ಅದರಿಂದ ಕೋಶದ ಶಕ್ತಿ ಹೆಚ್ಚಿ ಊತ ತಗ್ಗುತ್ತದೆಂದೂ ವಿವರಿಸಲಾಗುತ್ತದೆ. ತೊಡಕಿರುವುದು ಪ್ರಮಾಣದಲ್ಲಿ. ಬೆಳಕು ಕಡಿಮೆಯಾದರೆ ಪರಿಣಾಮವಿಲ್ಲ, ಅತಿಯಾದರೆ ಇರುವ ಪರಿಣಾಮವೂ ಕುಂದುತ್ತದೆ. ಒಂದು ಅಧ್ಯಯನದ ತರಂಗಾಂತರ, ಸಮಯ, ಸರತಿಗಳ ಸಂಖ್ಯೆ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ, ಒಂದರಲ್ಲಿ ಸಿಕ್ಕ ಫಲವನ್ನು ಮತ್ತೊಂದರ ಪಕ್ಕದಲ್ಲಿಟ್ಟು ತೂಗುವುದು ಕಷ್ಟ.

ಒಸಡಿನ ಕಾಯಿಲೆಯ ಮೂಲ ಹಲ್ಲಿನ ಮೇಲೆ ಕೂರುವ ಸೂಕ್ಷ್ಮಜೀವಿಗಳ ಪದರ. ಅದು ಗಟ್ಟಿಯಾದರೆ ಪಾಚಿ. ಆರೋಗ್ಯವಂತ ಒಸಡು ಮತ್ತು ಹಲ್ಲಿನ ನಡುವಿನ ಸಂದು 1ರಿಂದ 3 ಮಿಲಿಮೀಟರ್ ಇರುತ್ತದೆ. ಕಾಯಿಲೆಯಲ್ಲಿ ಅದು ಆಳವಾಗುತ್ತ ಹಲ್ಲನ್ನು ಹಿಡಿದಿಟ್ಟ ಎಲುಬು ಕರಗುತ್ತದೆ. ಕಡಿಮೆ ಶಕ್ತಿಯ ಬೆಳಕು ಈ ಪಾಚಿಯ ಒಂದು ಚೂರನ್ನೂ ಕೀಳಲಾರದು. ಆ ಕೆಲಸ ಬೇರಿನವರೆಗೂ ಕೆರೆದು ಶುಚಿಗೊಳಿಸುವ ಉಪಕರಣದ್ದೇ. ಬೆಳಕು ಬರುವುದು ಆಮೇಲೆ: ನೋವು, ರಕ್ತಸ್ರಾವ ಮೊದಲ ಕೆಲ ವಾರಗಳಲ್ಲಿ ಸ್ವಲ್ಪ ಬೇಗ ತಗ್ಗಿದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ, ಆದರೆ ತಿಂಗಳುಗಳು ಕಳೆದಂತೆ ಆ ಅಂತರ ಉಳಿಯುವುದು ಅಷ್ಟಾಗಿ ಕಂಡಿಲ್ಲ. ಯೂರೋಪಿನ ಒಸಡು ತಜ್ಞರ ಒಕ್ಕೂಟವು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಶುಚಿಗೊಳಿಸುವ ಚಿಕಿತ್ಸೆಯ ಜೊತೆಗೆ ಲೇಸರ್ ಬಳಸದಿರುವಂತೆಯೇ ಸಲಹೆ ನೀಡಿತು.

ನಮ್ಮ ಕಡೆ ಇನ್ನೊಂದು ಮಾತಿದೆ: ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ.’ ನಿಜವೆಂದರೆ, ಮೊದಲೇ ಸಡಿಲಾಗಿದ್ದ ಹಲ್ಲನ್ನು ಪಾಚಿಯೇ ಹಿಡಿದಿಟ್ಟಿರುತ್ತದೆ, ಅದನ್ನು ತೆಗೆದಾಗ ಸಡಿಲು ಬಯಲಾಗುತ್ತದೆ ಅಷ್ಟೆ. ಈ ಭಯ ಇರುವವರಿಗೆ ಉಪಕರಣ ತಾಗದ ಬೆಳಕು ಹಿತವೆನಿಸುವುದು ಸಹಜ. ತಂಬಾಕು ಬಿಡದೆ, ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಬೆಳಕನ್ನು ಎಷ್ಟು ಸಲ ಹಾಯಿಸಿದರೂ ಒಸಡು ಮತ್ತೆ ಊದುತ್ತದೆ. ಲೇಸರ್‌ಗೆ ಹಲವು ಸರತಿ ಬೇಕಾಗುತ್ತದೆ. ಕುಷ್ಟಗಿಯಿಂದಲೋ ಸಿರುಗುಪ್ಪದಿಂದಲೋ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ಹಾಗೆ ಬಿಡಬಹುದಾದ ದಿನಗಳನ್ನೆಲ್ಲ ಲೇಸರ್‌ಗೇ ಮುಗಿಸಿಬಿಟ್ಟರೆ, ಮೂರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ತೋರಿಸಿ ಪಾಚಿ ತೆಗೆಸಬೇಕಾದ ಭೇಟಿಗೆ ಬರುವುದಿಲ್ಲ.