ಏದುಸಿರಿನ ಬಗ್ಗೆ ಮಿದುಳಿನ ಚಿತ್ರ ಹೇಳುವುದೇನು?

ಕೋಲಾರದ ನಮ್ಮ ಹೊರರೋಗಿ ವಿಭಾಗದಲ್ಲಿ ಎದೆರೋಗದ ಸಾಲಿನಲ್ಲಿ ಕುಳಿತವರನ್ನು ನೋಡಿದರೆ ಈ ಜಿಲ್ಲೆಯ ದುಡಿಮೆಯ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ. ಕೆಜಿಎಫ್‌ನ ಸುರಂಗಗಳಲ್ಲಿ ಕಲ್ಲುದೂಳು ಕುಡಿದವರು, ಸೌದೆ ಒಲೆಯ ಮುಂದೆ ಆಯಸ್ಸು ಸವೆಸಿದ ತಾಯಂದಿರು, ತಾವು ಬೀಡಿ ಬಿಟ್ಟರೂ ತಮ್ಮನ್ನು ಕೆಮ್ಮು ಬಿಡದವರು. ಗಣಿ 2001ರಲ್ಲೇ ಮುಚ್ಚಿತು. ಶ್ವಾಸಕೋಶದಲ್ಲಿ ಕುಳಿತ ಆ ಕಲ್ಲುದೂಳಿನ ಸಿಲಿಕಾ ಮಾತ್ರ ಹೊರಗೆ ಬರುವುದಿಲ್ಲ.

ಎಲ್ಲರ ದೂರೂ ಒಂದೇ: ‘ದಮ್ಮು ಕಟ್ಟುತ್ತದೆ.’ ಆದರೆ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯ ಅಂಕಿಗೂ ಈ ದೂರಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ಸಂತೆಗೆ ನಡೆದೇ ಹೋಗಿಬರುತ್ತಾರೆ. ಇನ್ನೊಬ್ಬರಿಗೆ ಬಚ್ಚಲುಮನೆಗೆ ಹೋಗಿಬರುವಷ್ಟರಲ್ಲಿ ಏದುಸಿರು. ಅಂಥವರಿಗೆ ಮನೆಯವರು ‘ಎಲ್ಲ ನಿನ್ನ ಮನಸ್ಸಿನದು’ ಎಂದುಬಿಡುತ್ತಾರೆ, ಕೆಲವೊಮ್ಮೆ ವೈದ್ಯರೂ. ಈ ಮಾತಿಗೆ ನನ್ನ ಗಟ್ಟಿಯಾದ ತಕರಾರಿದೆ. ಅದಕ್ಕೆ ಆಧಾರ ಮಿದುಳಿನ ಸ್ಕ್ಯಾನಿಂಗ್ ಅಧ್ಯಯನಗಳು.

ಉಸಿರಿನ ಲಯ ಹುಟ್ಟುವುದು ಮಿದುಳಿನ ಬುಡದಲ್ಲಿ, ಮೆಡುಲ್ಲಾ ಎಂಬ ಭಾಗದಲ್ಲಿ. ಅಲ್ಲಿನ ಪ್ರೀ-ಬಾಟ್ಜಿಂಗರ್ ಎಂಬ ಪುಟ್ಟ ನರಕೋಶಗುಚ್ಛವೇ ಲಯದ ಮೂಲ ಎಂದು ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು 1991ರಲ್ಲಿ ಇಲಿಮರಿಗಳಲ್ಲಿ ತೋರಿಸಿದರು. ನಿದ್ದೆಯಲ್ಲೂ ನಮ್ಮನ್ನು ಕಾಯುವುದು ಇದೇ. ಆದರೆ ಹಾಡುವಾಗ, ಊದುಗೊಳವೆಯಿಂದ ಒಲೆ ಊದುವಾಗ ಉಸಿರು ನಮ್ಮ ಇಚ್ಛೆಯಂತೆ ನಡೆಯುತ್ತದೆ. ಅದೇ 1991ರಲ್ಲಿ ಲಂಡನ್ನಿನ ತಂಡವೊಂದು ಕೆಲವರಿಗೆ ಒಮ್ಮೆ ಯಂತ್ರದಿಂದ ಗಾಳಿ ತುಂಬಿಸಿ, ಇನ್ನೊಮ್ಮೆ ತಾವೇ ಎಳೆದುಕೊಳ್ಳಲು ಹೇಳಿ, ಎರಡನ್ನೂ ಮಿದುಳಿನ ರಕ್ತ ಹರಿವು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಹೋಲಿಸಿತು. ತಾವೇ ಎಳೆದುಕೊಂಡಾಗ ಕೈಕಾಲು ಆಡಿಸುವ ಮಿದುಳಿನ ಹೊರಪದರವೇ ಚುರುಕಾಗಿತ್ತು.

ಎಂಆರ್‌ಐನಲ್ಲಿ ಇದನ್ನು ನೋಡುವುದು ಬಹಳ ಕಷ್ಟದ ಕೆಲಸ. ಮಿದುಳಿನ ಚಟುವಟಿಕೆ ತೋರಿಸುವ ಎಂಆರ್‌ಐಗೆ ನರಕೋಶದ ಕೆಲಸ ನೇರವಾಗಿ ಕಾಣುವುದಿಲ್ಲ. ರಕ್ತದ ಆಮ್ಲಜನಕದಲ್ಲಾಗುವ ಏರುಪೇರಷ್ಟೇ ಕಾಣುತ್ತದೆ. ಉಸಿರು ಬಿಗಿಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದು ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ರಕ್ತದಲ್ಲಿ ಈ ಅನಿಲದ ಒತ್ತಡ ಒಂದು ಮಿಲಿಮೀಟರ್ ಪಾದರಸದಷ್ಟು ಏರಿದರೂ ಮಿದುಳಿನ ರಕ್ತ ಹರಿವು ಸುಮಾರು ಶೇ. 3ರಿಂದ 4ರಷ್ಟು ಹೆಚ್ಚುತ್ತದೆ. ನರಕೋಶಗಳು ಸುಮ್ಮನಿದ್ದರೂ ಚಿತ್ರದಲ್ಲಿ ಇಡೀ ಮಿದುಳು ಬೆಳಗಿದಂತೆ ಕಾಣಬಹುದು. ಸಾಲದ್ದಕ್ಕೆ ಎದೆ ಏರಿಳಿದಾಗ ಯಂತ್ರದ ಕಾಂತಕ್ಷೇತ್ರ ಕದಲುತ್ತದೆ, ಪ್ರತಿ ನಾಡಿಬಡಿತಕ್ಕೂ ಮಿದುಳಿನ ಬುಡ ಅಲುಗುತ್ತದೆ. ಹುಡುಕುತ್ತಿರುವ ಗುಚ್ಛಗಳಾದರೋ ಕೆಲವೇ ಮಿಲಿಮೀಟರಿನವು. ಅದಕ್ಕೇ ಕಾಳಜಿಯುಳ್ಳ ತಂಡಗಳು ಮೂಗಿನ ಬಳಿ ನಳಿಕೆಯಿಟ್ಟು ಹೊರಬರುವ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತವೆ, ಆಸ್ಪತ್ರೆಗಳಲ್ಲಿನ 1.5 ಅಥವಾ 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರಗಳ ಬದಲು 7 ಟೆಸ್ಲಾದ ಮೊರೆ ಹೋಗುತ್ತವೆ.

ಪ್ರಾಣಾಯಾಮದಿಂದ ಮಿದುಳು ಹೇಗೆ ಬೆಳಗಿತು ಎಂಬ ಬಣ್ಣದ ಚಿತ್ರಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಪ್ರಾಣಾಯಾಮದ ಮೇಲೆ ನನಗೆ ಗೌರವವಿದೆ, ಎಷ್ಟೋ ರೋಗಿಗಳಿಗೆ ನಾನೇ ಹೇಳುತ್ತೇನೆ. ಆದರೆ ಇಂಗಾಲದ ಡೈಆಕ್ಸೈಡ್ ಅಳೆಯದೆ ತೆಗೆದ ಚಿತ್ರವನ್ನು ಪುರಾವೆ ಎಂದು ಒಪ್ಪಲಾರೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಉಳಿದು ನಿಂತ ಸಂಗತಿಗಳು ನನ್ನ ಕೆಲಸಕ್ಕೆ ಬೆಲೆಬಾಳುವಂಥವು. ಉಸಿರು ಸಾಲದ ಸಂಕಟ ಉಂಟಾದಾಗ ಮಿದುಳಿನ ಇನ್‌ಸುಲಾ ಭಾಗ ಚುರುಕಾಗುತ್ತದೆ ಎಂದು 2000ದಲ್ಲಿ ರಾಬರ್ಟ್ ಬ್ಯಾನ್ಜೆಟ್ ಮತ್ತು ಸಂಗಡಿಗರು ವರದಿ ಮಾಡಿದರು. ನೋವಿನಲ್ಲಿ ಎಚ್ಚೆತ್ತುಕೊಳ್ಳುವ ಭಾಗವೂ ಅದೇ. 2016ರಲ್ಲಿ ಆಕ್ಸ್‌ಫರ್ಡ್ ತಂಡವೊಂದು 7 ಟೆಸ್ಲಾ ಯಂತ್ರದಲ್ಲಿ ಇನ್ನೂ ಸೂಕ್ಷ್ಮವಾದುದನ್ನು ಕಂಡಿತು. ಇನ್ನೇನು ಉಸಿರು ಬಿಗಿಯಾಗಲಿದೆ ಎಂಬ ಸೂಚನೆ ಕಂಡಾಗ ಮಿದುಳುಕಾಂಡದ ಒಂದು ಪುಟ್ಟ ತಾಣದ ಒಂದು ಅಂಚು ಎಚ್ಚೆತ್ತರೆ, ನಿಜವಾಗಿ ಬಿಗಿಯಾದಾಗ ಅದರ ಇನ್ನೊಂದು ಅಂಚು ಎಚ್ಚೆತ್ತಿತು.

ಅಂತರಗಂಗೆ ಬೆಟ್ಟದ ಮೆಟ್ಟಿಲು ಕಂಡೊಡನೆ, ಒಂದನ್ನೂ ಹತ್ತುವ ಮೊದಲೇ, ಎದೆ ಬಿಗಿಯಿತು ಎನ್ನುವವರ ಮಾತು ನನಗೆ ಈಗ ಪೂರ್ತಿ ಅರ್ಥವಾಗುತ್ತದೆ. ಅವರು ನಟಿಸುತ್ತಿಲ್ಲ. ಹಿಂದಿನ ಸಂಕಟವನ್ನು ನೆನಪಿಟ್ಟ ಮಿದುಳು ಮುಂಚೆಯೇ ಸಜ್ಜಾಗುತ್ತಿದೆ.

ಕಲಿತದ್ದನ್ನು ಮರೆಸಲೂ ಬಹುದು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿಯಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಕಾಯಿಲೆಯ ರೋಗಿಗಳಿಗೆ ಮೆಟ್ಟಿಲು ಹತ್ತುವುದು ಮುಂತಾದ ಮಾತುಗಳನ್ನು ತೋರಿಸಿ, ವ್ಯಾಯಾಮ ತರಬೇತಿಗೆ ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆ ಮಾತುಗಳು ಹುಟ್ಟಿಸುವ ಏದುಸಿರು ಕಡಿಮೆಯಾಯಿತು ಎಂದವರಲ್ಲಿ ಇನ್‌ಸುಲಾದಂಥ ಭಾಗಗಳ ಪ್ರತಿಕ್ರಿಯೆಯೂ ಇಳಿದಿತ್ತು. ಇಂಥ ತರಬೇತಿಯಿಂದ ಸ್ಪೈರೋಮೆಟ್ರಿಯ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ ಎಂಬುದು ನಮಗೆ ಮೊದಲೇ ಗೊತ್ತಿತ್ತು. ಹಾಗಿದ್ದರೂ ರೋಗಿಗಳು ಹಗುರವಾಗುವುದು ಏಕೆ ಎಂಬುದಕ್ಕೆ ಇಲ್ಲೊಂದು ಉತ್ತರವಿದೆ.

ನಾವು ಮಾಡಿಸುವುದೂ ಸರಳ. ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕಿ, ಫಿಸಿಯೋಥೆರಪಿಸ್ಟ್ ಜೊತೆಯಲ್ಲೇ ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆಸುತ್ತೇವೆ. ಏದುಸಿರು ಬಂದಾಗ ನಿಲ್ಲಿಸಿ, ‘ನೋಡಿ ಯಜಮಾನರೇ, 95 ಇದೆ, ಇಳಿದಿಲ್ಲ’ ಎಂದು ಅಂಕಿ ತೋರಿಸುತ್ತೇವೆ. ಅಂಕಿ ಇಳಿಯುವವರಿಗೆ ಚಿಕಿತ್ಸೆಯೇ ಬೇರೆ. ತುಟಿ ಕೂಡಿಸಿ, ದೀಪ ಆರದಂತೆ ಮೆಲ್ಲಗೆ ಊದುವ ಹಾಗೆ ಉಸಿರು ಬಿಡುವುದನ್ನು ಕಲಿಸಿ, ಮತ್ತೆ ನಡೆಸುತ್ತೇವೆ.

ಇದಕ್ಕಾಗಿ ಯಾರೂ ಬೆಂಗಳೂರಿಗೆ ಹೋಗಿ ಮಿದುಳಿನ ಸ್ಕ್ಯಾನ್ ಮಾಡಿಸಬೇಕಿಲ್ಲ, ಅದು ಸಂಶೋಧನೆಯ ಸಾಧನ. ಇನ್‌ಹೇಲರ್ ನಿಲ್ಲಿಸುವಂತೆಯೂ ಇಲ್ಲ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ತುರ್ತು ವಿಭಾಗಕ್ಕೆ ಬನ್ನಿ. ಉಳಿದಂತೆ, ಪರೀಕ್ಷೆಗೆ ಬರುವಾಗ ಯಾವ ಕೆಲಸ ನೆನೆದರೇ ದಮ್ಮು ಕಟ್ಟುತ್ತದೆ, ಎಲ್ಲಿ ನಿಂತು ಸುಧಾರಿಸಿಕೊಳ್ಳುತ್ತೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ನಡಿಗೆಯ ತರಬೇತಿಯನ್ನು ಅಲ್ಲಿಂದಲೇ ಶುರುಮಾಡುತ್ತೇವೆ.